ಗೇರುಬೀಜದ ಕಾರ್ಖಾನೆ ಮುಚ್ಚಿದರೂ ಎಣ್ಣೆ ಮಣ್ಣಲ್ಲೇ ಇರುತ್ತದೆ

ಮಂಗಳೂರು, ಉಡುಪಿ ಕಡೆ ಮುಚ್ಚಿದ ಕಾರ್ಖಾನೆಯ ಜಾಗಕ್ಕೆ ಜೆಸಿಬಿ ಬಂತೆಂದರೆ ಅಕ್ಕಪಕ್ಕದವರಿಗೆ ಬಾವಿಯ ಚಿಂತೆ. ಅಲ್ಲಿ ಮೊದಲು ಏನು ತಯಾರಾಗುತ್ತಿತ್ತು ಎಂದು ತಿಳಿಯದೆ ಅದಕ್ಕೆ ಉತ್ತರ ಹೇಳಲಾಗದು.

ಹಂಚಿನ ಕಾರ್ಖಾನೆಯಾದರೆ ತೀರಾ ಹೆದರಬೇಕಿಲ್ಲ. 1865ರಲ್ಲಿ ಬಾಸೆಲ್ ಮಿಷನ್ ಇಲ್ಲಿ ಹಂಚು ಸುಡಲು ಶುರುಮಾಡಿದ ಕಾಲದಿಂದಲೂ ಅದಕ್ಕೆ ಬೇಕಾದ್ದು ಮುಖ್ಯವಾಗಿ ಜೇಡಿಮಣ್ಣು ಮತ್ತು ಸೌದೆ. ಒಡೆದ ಹಂಚಿನ ರಾಶಿ ವಿಷವಲ್ಲ. ಡೀಸೆಲ್ ಇಂಜಿನ್ ಇದ್ದ ಕೋಣೆ, ಎಣ್ಣೆ ಡ್ರಮ್ ಇಡುತ್ತಿದ್ದ ಮೂಲೆ, ಹಳೇ ಟ್ರಾನ್ಸ್‌ಫಾರ್ಮರಿನ ಕಟ್ಟೆ ಇಷ್ಟನ್ನು ಅಗೆದು ನೋಡಿದರೆ ಸಾಕು.

ಗೇರುಬೀಜದ ಕಾರ್ಖಾನೆ ಹಾಗಲ್ಲ. ಬೀಜದ ಸಿಪ್ಪೆಯಲ್ಲಿರುವ ಎಣ್ಣೆ ಫಿನಾಲ್ ಎಂಬ ರಾಸಾಯನಿಕದ ಜಾತಿಯದು, ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ. ಬೀಜ ಒಡೆಯುವವರು ಕೈಗೆ ಎಣ್ಣೆಯೋ ಬೂದಿಯೋ ಸವರಿಕೊಳ್ಳುವುದು ಅದಕ್ಕೇ. ಹುರಿಯುವ ಜಾಗ, ಎಣ್ಣೆ ತೊಟ್ಟಿ, ಸಿಪ್ಪೆ ರಾಶಿ ಹಾಕುತ್ತಿದ್ದ ಅಂಗಳ ಈ ಮೂರರ ಅಡಿಯಲ್ಲಿ ಮಣ್ಣು ಕಪ್ಪಗೆ, ಅಂಟಂಟಾಗಿ ಸಿಗುತ್ತದೆ. ಈ ಎಣ್ಣೆ ನೀರಲ್ಲಿ ಕರಗುವುದು ಬಹಳ ಕಡಿಮೆ, ನೀರಿಗಿಂತ ಹಗುರ. ಹಾಗಾಗಿ ಬಾವಿಗೆ ಬಂದರೆ ಮೇಲೆ ತೇಲುತ್ತದೆ. ಪಂಪಿನ ನಲ್ಲಿಯಿಂದ ಹಿಡಿದ ನೀರು ಬಾವಿಯ ತಳದ್ದು, ಅದರಲ್ಲಿ ಎಣ್ಣೆ ಕಾಣದೇ ಹೋಗಬಹುದು.

ಹಾಗೆಂದು ಬಾವಿಯ ಮೇಲೆ ಹೊಳೆಯುವುದೆಲ್ಲ ಎಣ್ಣೆಯಲ್ಲ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಬಾವಿಗಳಲ್ಲಿ ಕಬ್ಬಿಣದ ಅಂಶದಿಂದಲೂ ಬಣ್ಣಬಣ್ಣದ ಕೆನೆ ಕಟ್ಟುತ್ತದೆ. ಒಂದು ಕೋಲಿನಿಂದ ಕೆದಕಿ ನೋಡಿ. ಕಬ್ಬಿಣದ ಕೆನೆ ಚೂರುಚೂರಾಗಿ ಒಡೆದು ಹಾಗೇ ಉಳಿಯುತ್ತದೆ, ಎಣ್ಣೆಯದು ಮತ್ತೆ ಕೂಡಿಕೊಳ್ಳುತ್ತದೆ.

ನೀರು ವಾಸನೆ ಬಂತೆಂದು ಮೊದಲು ಬ್ಲೀಚಿಂಗ್ ಪೌಡರ್ ಸುರಿಯುವುದು ದೊಡ್ಡ ತಪ್ಪು. ಫಿನಾಲಿಗೆ ಕ್ಲೋರಿನ್ ಸೇರಿದರೆ ಕ್ಲೋರೋಫಿನಾಲ್ ಆಗುತ್ತದೆ. ಅದು ತೀರಾ ಅಲ್ಪವಿದ್ದರೂ ಆಸ್ಪತ್ರೆಯ ಔಷಧಿಯಂಥ ವಾಸನೆ ಹೊಡೆಯುತ್ತದೆ, ಪರೀಕ್ಷೆಯ ಲೆಕ್ಕವೂ ಕೆಡುತ್ತದೆ. ಮಾದರಿ ತೆಗೆದ ಮೇಲೆಯೇ ಬೇರೆ ಕೆಲಸ.

ಮಾದರಿಗೆ ಪ್ಲಾಸ್ಟಿಕ್ ಬಾಟಲಿ ಬೇಡ, ಎಣ್ಣೆ ಅದರ ಗೋಡೆಗೆ ಅಂಟುತ್ತದೆ. ಫಿನಾಲ್ ಪರೀಕ್ಷೆಗೆ ಕಂದು ಗಾಜಿನ ಒಂದು ಲೀಟರ್ ಬಾಟಲಿ, ಎಣ್ಣೆ-ಜಿಡ್ಡಿನ ಪರೀಕ್ಷೆಗೆ ಅಗಲ ಬಾಯಿಯ ಬೇರೆ ಗಾಜಿನ ಬಾಟಲಿ. ಎರಡನೆಯದನ್ನು ಅದೇ ನೀರಿನಿಂದ ತೊಳೆಯಬಾರದು, ತುಂಬಿ ಚೆಲ್ಲಿಸಲೂಬಾರದು. ಆಮ್ಲ ಹಾಕಿದ ಬಾಟಲಿಯನ್ನು ಲ್ಯಾಬಿನಿಂದಲೇ ಕೇಳಿ ತನ್ನಿ, ಐಸ್ ಪೆಟ್ಟಿಗೆಯಲ್ಲಿ ಕಳಿಸಿ. ಕುಡಿಯುವ ನೀರಿನ ಐಎಸ್ 10500 ಮಾನದಂಡದಲ್ಲಿ ಫಿನಾಲಿನ ಮಿತಿ ಲೀಟರಿಗೆ 0.001 ಮಿಲಿಗ್ರಾಂ. ವರದಿಯಲ್ಲಿ ‘ಪತ್ತೆಯಾಗಿಲ್ಲ’ ಎಂದಿದ್ದರೆ ಖುಷಿಪಡುವ ಮೊದಲು ಆ ಲ್ಯಾಬ್ ಎಷ್ಟರವರೆಗೆ ಪತ್ತೆಹಚ್ಚಬಲ್ಲದು ಎಂದು ಕೇಳಿ. ಅದು 0.05 ಎಂದರೆ ಆ ಕಾಗದಕ್ಕೆ ಬೆಲೆಯಿಲ್ಲ.

ಮಾದರಿ ಎರಡು ಸಲ ಬೇಕು: ಮೇ ಕೊನೆಗೊಮ್ಮೆ, ಮಳೆ ಹಿಡಿದು ಎರಡು ವಾರಕ್ಕೊಮ್ಮೆ. ಮುರಕಲ್ಲು ತೂತುತೂತು, ಅದರಡಿಯ ಶೇಡಿಮಣ್ಣು ನೀರನ್ನು ಸುಲಭವಾಗಿ ಕೆಳಗೆ ಬಿಡುವುದಿಲ್ಲ. ಗುಡ್ಡೆ ಮೇಲೆ ಬಿದ್ದ ಮಳೆನೀರು ಶೇಡಿಯ ಮೇಲೆ ಅಡ್ಡಕ್ಕೆ ಹರಿದು ಬೈಲಿನ (ತಗ್ಗು ಗದ್ದೆಯ) ಬಾವಿಗೂ ತೋಡಿಗೂ (ಸಣ್ಣ ಹಳ್ಳಕ್ಕೂ) ಇಳಿಯುತ್ತದೆ. ಕಾರ್ಖಾನೆಯ ಗೋಡೆಗೆ ತಾಗಿದ, ಆದರೆ ಮೇಲ್ಬದಿಯಲ್ಲಿರುವ ಬಾವಿ ಚೆನ್ನಾಗಿದ್ದು, ಕೆಳಗಿನ ಬೈಲಿನದು ಕೆಡುವುದುಂಟು.

ಮಣ್ಣಿನ ಪರೀಕ್ಷೆಯಲ್ಲಿ ಕಣ್ಣಿಡಬೇಕಾದ್ದು ‘ಕಲಸಿದ ಮಾದರಿ’ಯ ಮೇಲೆ. ಐದು ಕಡೆಯ ಮಣ್ಣು ಕಲಸಿದಾಗ ಒಂದರಲ್ಲಿ ಕೆಜಿಗೆ 5000 ಮಿಲಿಗ್ರಾಂ ಎಣ್ಣೆ, ಉಳಿದ ನಾಲ್ಕರಲ್ಲಿ ಸೊನ್ನೆ ಇದ್ದರೆ ವರದಿಗೆ ಬರುವುದು 1000. ಮಾರುವವರಿಗೆ ಇದು ಅನುಕೂಲ. ತೊಟ್ಟಿ, ಹುರಿಯುವ ಜಾಗ, ಸಿಪ್ಪೆ ಅಂಗಳಕ್ಕೆ ಬೇರೆಬೇರೆ ಗುಂಡಿ ತೋಡಿಸಿ, ಗುಂಡಿಯ ಗೋಡೆಯನ್ನು ಹೊಸದಾಗಿ ಕೆರೆದು 15 ಸೆಂ.ಮೀ., ಅರ್ಧ ಮೀಟರ್, ಒಂದು ಮೀಟರ್ ಆಳದಲ್ಲಿ ಪ್ರತ್ಯೇಕವಾಗಿ ತೆಗೆಸಬೇಕು. ಕಪ್ಪು ಇನ್ನೂ ಕೆಳಗಿಳಿದಿದ್ದರೆ ಶೇಡಿ ಸಿಗುವವರೆಗೆ.

ಈ ವರದಿ ಬರುವ ಮೊದಲು ಒಂದು ಬುಟ್ಟಿ ಮಣ್ಣೂ ಆಚೆ ಹೋಗಕೂಡದು. ನಮ್ಮಲ್ಲಿ ಅಡಿಪಾಯದ ಮಣ್ಣು ಯಾರದೋ ಗದ್ದೆ ತುಂಬಿಸಲು ಲಾರಿ ಹತ್ತುತ್ತದೆ. ಆಮೇಲೆ ಒಂದು ಕೊಳೆ ಜಾಗದ ಬದಲು ನಾಲ್ಕು. ಅಪಾಯಕಾರಿ ಎಂದು ತೀರ್ಮಾನವಾದ ಮಣ್ಣು ಹೋಗಬೇಕಾದ್ದು ದಾಬಸ್‌ಪೇಟೆಯಂಥ ಪರವಾನಗಿ ಇರುವ ವಿಲೇವಾರಿ ಘಟಕಕ್ಕೆ, ಅದೂ 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಫಾರಂ 10 ರವಾನೆಪತ್ರದೊಂದಿಗೆ. ಲಾರಿ ಹೊರಟ ದಿನವೇ ಅದರ ಪ್ರತಿ ನೋಡಲು ಕೇಳಿ. ಅಗೆತ ಜನವರಿಯಿಂದ ಏಪ್ರಿಲ್ ಒಳಗೆ ಮುಗಿಯಬೇಕು. ತೆಗೆದ ಮಣ್ಣಿನ ಅಡಿಗೂ ಮೇಲೂ ಟಾರ್ಪಾಲು ಇರಬೇಕು. ಜೂನ್ ಮಳೆಗೆ ತೆರೆದ ಗುಂಡಿ ಸಿಕ್ಕಿತೋ, ಎಣ್ಣೆ ತೋಡು ಸೇರುತ್ತದೆ. ಸಿಪ್ಪೆ ಸೇರಿದ ಮಣ್ಣನ್ನು ಅಲ್ಲೇ ಸುಡುವುದಂತೂ ಬೇಡ, ಆ ಹೊಗೆ ಕಣ್ಣು ಗಂಟಲು ಉರಿಸುತ್ತದೆ. ಗುಂಡಿ ಮುಚ್ಚುವ ಮೊದಲು ತಳದಿಂದಲೂ ನಾಲ್ಕು ಗೋಡೆಯಿಂದಲೂ ಮತ್ತೆ ಮಾದರಿ ತೆಗೆಸಿ. ಸಾಮಾನ್ಯವಾಗಿ ಬಿಟ್ಟುಹೋಗುವ ಹಂತ ಇದೇ.

ಬಾಯಿಮಾತಿನ ದೂರಿನಿಂದ ಏನೂ ಆಗದು. ಸರ್ವೆ ನಂಬರ್, ಯಾವ ಕಾರ್ಖಾನೆ, ಎಷ್ಟು ವರ್ಷ ನಡೆಯಿತು, ಎಣ್ಣೆ ತೊಟ್ಟಿ ಎಲ್ಲಿತ್ತು ಎಂದು ಬರೆದು ಕೈಯಲ್ಲಿ ಬಿಡಿಸಿದ ನಕ್ಷೆ ಜೋಡಿಸಿ, ನಿಮ್ಮ ಜಿಲ್ಲೆಯ ಮಾಲಿನ್ಯ ನಿಯಂತ್ರಣ ಮಂಡಳಿ ಕಚೇರಿಗೂ (ಮಂಗಳೂರಿನವರಿಗೆ ಬೈಕಂಪಾಡಿಯದು) ಜಿಲ್ಲಾಧಿಕಾರಿಗೂ ಕೊಟ್ಟು ಹಿಂಬರಹ ಪಡೆಯಿರಿ. 2025ರ ಜುಲೈನಲ್ಲಿ ಬಂದ ಕಲುಷಿತ ಜಾಗಗಳ ಕೇಂದ್ರ ನಿಯಮದ ಪ್ರಕಾರ ಶಂಕಿತ ಜಾಗಗಳ ಪಟ್ಟಿಯನ್ನು ಆರು ತಿಂಗಳಿಗೊಮ್ಮೆ ಕೊಡುವುದು ಜಿಲ್ಲಾಡಳಿತದ ಕೆಲಸ, 90 ದಿನದೊಳಗೆ ಪ್ರಾಥಮಿಕ ತಪಾಸಣೆ ಮಂಡಳಿಯದು. ಕಾರ್ಖಾನೆ ನಡೆಸಲು ಮಂಡಳಿ ಕೊಟ್ಟಿದ್ದ ಹಳೇ ಸಮ್ಮತಿ ಪತ್ರವನ್ನೂ ಮಾಹಿತಿ ಹಕ್ಕಿನಲ್ಲಿ ಕೇಳಿ. ತೊಟ್ಟಿಯೇ ಇರಲಿಲ್ಲ ಎಂದು ಈಗಿನ ಮಾಲೀಕರು ವಾದಿಸಿದಾಗ ಅದು ಕೈಯಲ್ಲಿರಬೇಕು.