ತಾಲ್ಲೂಕಿಗೆ ಕಾಲೇಜು ಬಂದ ಮೇಲೆ: ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಡಿಗ್ರಿ ಓದಿನ ಹಿನ್ನೆಲೆ

ಡಿಗ್ರಿ ಅಡ್ಮಿಷನ್ ಶುರುವಾಗುವ ಹೊತ್ತಿಗೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಪೋಷಕರ ಪ್ರಶ್ನೆಗಳು ವರ್ಷದಿಂದ ವರ್ಷಕ್ಕೆ ಜಾಸ್ತಿಯಾಗುತ್ತಿವೆ. ಡಿಗ್ರಿ ಮೂರು ವರ್ಷವೋ ನಾಲ್ಕು ವರ್ಷವೋ? ದೂರಶಿಕ್ಷಣದ ಸರ್ಟಿಫಿಕೇಟು ಕೆಲಸಕ್ಕೆ ನಡೆಯುತ್ತದಾ? ಮೊಬೈಲಿನಲ್ಲೇ ಪಾಠ ಸಿಗುವಾಗ ಕಾಲೇಜಿಗೆ ಯಾಕೆ ಹೋಗಬೇಕು? ಲೆಕ್ಚರರ್‌ಗಳು ಯಾಕೆ ಮುಷ್ಕರಕ್ಕೆ ಕೂರುತ್ತಾರೆ? ಬಿಡಿಬಿಡಿಯಾಗಿ ನೋಡಿದರೆ ಇವು ಬೇರೆ ಬೇರೆ ಸುದ್ದಿಗಳು. ಆದರೆ ಇವುಗಳ ಬೇರು ಒಂದೇ ಕಡೆ ಇದೆ. ಅನುಕೂಲ ಕಡಿಮೆ ಇರುವ ಊರಿನ ಮಕ್ಕಳನ್ನು ಡಿಗ್ರಿವರೆಗೆ ತರುವುದು ಒಂದು ಕೆಲಸ. ತಂದ ಮೇಲೆ ಅವರಿಗೆ ತಿಳಿಯುವ ಹಾಗೆ ಕಲಿಸುವುದು ಇನ್ನೊಂದು. ಮೊದಲನೆಯದರಲ್ಲಿ ನಾವು ಸಾಕಷ್ಟು ದೂರ ಬಂದಿದ್ದೇವೆ. ಎರಡನೆಯದು ಹಿಂದೆ ಬಿದ್ದಿದೆ.

ಹಳೆಯ ಕಾಲವನ್ನು ಬೇಗ ಹೇಳಿ ಮುಗಿಸುತ್ತೇನೆ. ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಶುರುವಾಯಿತು. ಅದಕ್ಕೆ ದುಡಿದ ದಿವಾನ್ ವಿಶ್ವೇಶ್ವರಯ್ಯನವರು ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯವರೇ. ಆದರೂ ಈ ಭಾಗದ ಮಕ್ಕಳಿಗೆ ದೊಡ್ಡ ಓದು ಎಂದರೆ ಬೆಂಗಳೂರು ಅಥವಾ ಮೈಸೂರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು ಹೈಸ್ಕೂಲು ಓದಲು ನಡೆದೇ ಬೆಂಗಳೂರಿಗೆ ಹೋದರು. ಮುಂದೆ 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯಾದರು. ಅವರು ಮುನ್ನಡೆಸಿದ ಸಂಸ್ಥೆ ಗೌರಿಬಿದನೂರು, ಬಾಗೇಪಲ್ಲಿಯಲ್ಲಿ ನ್ಯಾಷನಲ್ ಕಾಲೇಜುಗಳನ್ನು ನಡೆಸಿತು. ತಾನು ನಡೆದು ಹೋದ ದಾರಿಯನ್ನು ಮುಂದಿನವರಿಗೆ ಕಡಿಮೆ ಮಾಡಿದವರು ಅವರು.

ಊಟ, ವಸತಿ ಇಲ್ಲದೆ ಓದು ಇಲ್ಲ ಎಂಬುದನ್ನು ಈ ಜಿಲ್ಲೆಗಳು ಬೇಗ ಕಂಡುಕೊಂಡವು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಅನ್ನ, ಆಸರೆ, ಅಕ್ಷರ ಮೂರೂ ಒಟ್ಟಿಗೆ ಸಿಕ್ಕಿದ್ದರಿಂದಲೇ ಸಾವಿರಾರು ಬಡ ಮಕ್ಕಳು ಹೈಸ್ಕೂಲು ದಾಟಿದರು. ಮಠದ ಆಶ್ರಯದಲ್ಲಿ 1963ರಲ್ಲಿ ಎಂಜಿನಿಯರಿಂಗ್ ಕಾಲೇಜೂ ಬಂತು. 1970ರ ದಶಕದಲ್ಲಿ ದೇವರಾಜ ಅರಸರ ಸರ್ಕಾರ ಮತ್ತು ಹಾವನೂರು ಆಯೋಗದ ವರದಿಯಿಂದ ಹಿಂದುಳಿದ ವರ್ಗಗಳ ಮಕ್ಕಳಿಗೆ ಮೀಸಲಾತಿ, ಹಾಸ್ಟೆಲ್, ಸ್ಕಾಲರ್‌ಶಿಪ್ ಗಟ್ಟಿಯಾದವು. ಇವತ್ತಿಗೂ ಪಾವಗಡದ ಹುಡುಗನೊಬ್ಬ ತುಮಕೂರಿನಲ್ಲಿ ಡಿಗ್ರಿ ಓದುತ್ತಾನೋ ಇಲ್ಲವೋ ಎಂಬುದು ಹಾಸ್ಟೆಲ್ ಲಿಸ್ಟಿನ ಮೇಲೆ ನಿಂತಿರುತ್ತದೆ.

ದೂರದಲ್ಲಿದ್ದವರಿಗೆ ಪಾಠ ಮುಟ್ಟಿಸುವ ಪ್ರಯತ್ನವೂ ಹೊಸದಲ್ಲ. 1930ರ ದಶಕದಲ್ಲೇ ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು ಪ್ರಚಾರೋಪನ್ಯಾಸ ಎಂದು ಊರೂರಿಗೆ ಹೋಗಿ ಕನ್ನಡದಲ್ಲಿ ಮಾತನಾಡುತ್ತಿದ್ದರು. 1969ರಲ್ಲಿ ಅಂಚೆ ಮೂಲಕ ಪಾಠ ಬಂತು. ಆ ವಿಭಾಗವೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಕೆಲಸ ಮಾಡುತ್ತಲೇ ಓದುವವರಿಗೆ, ಬೇಗ ಮದುವೆಯಾದ ಹೆಣ್ಣುಮಕ್ಕಳಿಗೆ ಇದು ದೊಡ್ಡ ಬಾಗಿಲು. 2015ರಲ್ಲಿ ಯುಜಿಸಿ (ಡಿಗ್ರಿಗಳಿಗೆ ಮಾನ್ಯತೆ ಕೊಡುವ ಕೇಂದ್ರದ ಸಂಸ್ಥೆ) 2013-14ರಿಂದ ಮಾನ್ಯತೆ ಇಲ್ಲ ಎಂದಾಗ ಆ ಬಾಗಿಲು ಮುಚ್ಚಿತು. 2018ರಲ್ಲಿ ಮತ್ತೆ ಮಾನ್ಯತೆ ಸಿಕ್ಕಿತು. ದೂರಶಿಕ್ಷಣದ ಬಗ್ಗೆ ಊರಿನಲ್ಲಿ ಇವತ್ತಿಗೂ ಉಳಿದಿರುವ ಅನುಮಾನ ಆ ಮೂರು ವರ್ಷಗಳದ್ದು.

ಟೀವಿ, ಉಪಗ್ರಹದ ಸರದಿಯೂ ಬಂತು. 1984ರಲ್ಲಿ ದೂರದರ್ಶನದಲ್ಲಿ ಯುಜಿಸಿಯ ಪಾಠಗಳು ಶುರುವಾದವು, ಇಂಗ್ಲಿಷಿನಲ್ಲಿ. 2004ರ ಸೆಪ್ಟೆಂಬರಿನಲ್ಲಿ ಇಸ್ರೋ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಹಾರಿಸಿತು. ಬೆಂಗಳೂರಿನ ಸ್ಟುಡಿಯೋದಲ್ಲಿ ಒಳ್ಳೆಯ ಮೇಷ್ಟ್ರು ಪಾಠ ಮಾಡುವುದು, ತಾಲ್ಲೂಕಿನ ಕಾಲೇಜಿನಲ್ಲಿ ಪರದೆ ಮೇಲೆ ಅದನ್ನು ನೋಡುವುದು. ಆಲೋಚನೆ ಒಳ್ಳೆಯದೇ. ಆದರೆ ಪಾಠದ ಹೊತ್ತಿಗೆ ಕರೆಂಟ್ ಇರಬೇಕು, ಟೈಮ್‌ಟೇಬಲ್ ಹೊಂದಬೇಕು, ಅರ್ಥವಾಗದ್ದನ್ನು ಬಿಡಿಸಿ ಹೇಳಲು ಕೋಣೆಯಲ್ಲಿ ಒಬ್ಬರಾದರೂ ಇರಬೇಕು.

ಇದೆಲ್ಲ ನಡೆಯುತ್ತಿದ್ದಾಗಲೇ ಹಿಂದುಳಿದ ಊರು ಯಾವುದು ಎಂಬುದಕ್ಕೆ ಒಂದು ಸರ್ಕಾರಿ ಲೆಕ್ಕ ಸಿಕ್ಕಿತು. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ರಾಜ್ಯದ 114 ತಾಲ್ಲೂಕುಗಳು ಹಿಂದುಳಿದವು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಉತ್ತರ ಕರ್ನಾಟಕದ ಹೆಸರುಗಳೇ ಅದರಲ್ಲಿ ಜಾಸ್ತಿ. ಆದರೆ ಪಾವಗಡ, ಮಧುಗಿರಿ, ಸಿರಾ, ಬಾಗೇಪಲ್ಲಿ ಕೂಡ ಆ 39ರಲ್ಲಿವೆ. ಬೆಂಗಳೂರಿನಿಂದ ಎರಡು ಮೂರು ಗಂಟೆ ದಾರಿ, ಅಷ್ಟೇ. ಬೆಂಗಳೂರು ಹತ್ತಿರವಿದೆ ಎಂಬ ಕಾರಣಕ್ಕೇ ಈ ತಾಲ್ಲೂಕುಗಳ ಕಷ್ಟ ಹೊರಗೆ ಕಾಣಲಿಲ್ಲ ಎಂದು ನನಗೆ ಅನ್ನಿಸುತ್ತದೆ.

ನಾನು ಹತ್ತಿರದಿಂದ ನೋಡಿದ್ದು ಇದರ ನಂತರದ ಕಾಲವನ್ನು. ತುಮಕೂರು ವಿಶ್ವವಿದ್ಯಾನಿಲಯ 2004ರಲ್ಲಿ ಬಂತು. 2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಯಿತು. ಆಸುಪಾಸಿನ ವರ್ಷಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ತಾಲ್ಲೂಕಿಗೆ, ಕೆಲವು ಕಡೆ ಹೋಬಳಿಗೂ ಬಂದವು. ಈಗ ರಾಜ್ಯದಲ್ಲಿ ಇಂಥ ಕಾಲೇಜುಗಳು ನಾಲ್ಕುನೂರಕ್ಕೂ ಹೆಚ್ಚು. 2017ರಲ್ಲಿ ಕೋಲಾರದ ಟಮಕದಲ್ಲಿ ಬೆಂಗಳೂರು ಉತ್ತರ ವಿಶ್ವವಿದ್ಯಾನಿಲಯ ಶುರುವಾಯಿತು. ಶಿಡ್ಲಘಟ್ಟ ತಾಲ್ಲೂಕಿನ ಅಮರಾವತಿಯಲ್ಲಿ ಅದರ ಹೊಸ ಕ್ಯಾಂಪಸ್ಸಿಗೆ ಜಾಗ ಸಿಕ್ಕಿತು.

ಕಾಲೇಜು ಹತ್ತಿರ ಬಂದದ್ದು ಮನೆಮನೆಯ ಲೆಕ್ಕಾಚಾರವನ್ನೇ ಬದಲಾಯಿಸಿತು. ಬೆಳಿಗ್ಗೆ ಡೇರಿಗೆ ಹಾಲು ಹಾಕಿ, ಬಸ್ ಪಾಸ್ ಹಿಡಿದು ಹೊರಟು, ಸಂಜೆಯೊಳಗೆ ಮನೆ ಸೇರಬಹುದು ಎಂದಾಗ ಹುಡುಗಿಯರ ಓದಿಗೆ ಮನೆಯವರ ಒಪ್ಪಿಗೆ ಸುಲಭವಾಯಿತು. 2023ರ ಜೂನಿನಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತವಾದ ಮೇಲೆ ಪಾಸಿನ ದುಡ್ಡಿನ ಚಿಂತೆಯೂ ಹೋಯಿತು. ಬಸ್ಸೇ ಬಾರದ ಹಳ್ಳಿಗಳ ಮಾತು ಬೇರೆ. 18ರಿಂದ 23 ವಯಸ್ಸಿನವರಿಗೆ ಹೋಲಿಸಿ ಕಾಲೇಜು ಸೇರಿದವರನ್ನು ಎಣಿಸುವ ಲೆಕ್ಕದಲ್ಲಿ 2021-22ಕ್ಕೆ ದೇಶದ ಪ್ರಮಾಣ ನೂರಕ್ಕೆ 28.4, ಕರ್ನಾಟಕದ್ದು 36.2. 2035ಕ್ಕೆ 50 ಮುಟ್ಟಬೇಕೆಂಬುದು ರಾಷ್ಟ್ರೀಯ ಶಿಕ್ಷಣ ನೀತಿಯ ಗುರಿ.

ಸೇರಿದವರ ಲೆಕ್ಕ ಇದು. ಒಳಗೆ ಏನಾಗುತ್ತದೆ ಎಂಬುದನ್ನು ಈ ಅಂಕಿ ಹೇಳುವುದಿಲ್ಲ. ಬಾಗೇಪಲ್ಲಿ, ಪಾವಗಡ, ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಶಾಲೆಯಲ್ಲಿ ಓದಿದ್ದು ಕನ್ನಡ. ಬಿ.ಎಸ್ಸಿಗೋ ಬಿ.ಕಾಂಗೋ ಬಂದರೆ ಪುಸ್ತಕ, ಬೋರ್ಡು, ಪ್ರಶ್ನೆಪತ್ರಿಕೆ ಎಲ್ಲ ಇಂಗ್ಲಿಷು. ಹದಿನೆಂಟರ ವಯಸ್ಸಿಗೆ ಆ ಮಗು ಮೂರನೇ ಭಾಷೆಗೆ ಒಂದೇ ಸಲ ಜಿಗಿಯಬೇಕು. ಮೊದಲ ಸೆಮಿಸ್ಟರಿನಲ್ಲಿ ಎರಡು ಮೂರು ವಿಷಯ ಪಾಸಾಗದೆ ಉಳಿದರೆ "ನನ್ನ ಕೈಲಿ ಆಗಲ್ಲ" ಎಂದು ತೀರ್ಮಾನಿಸಿ ನರಸಾಪುರ ಇಲ್ಲವೇ ವಸಂತನರಸಾಪುರದ ಫ್ಯಾಕ್ಟರಿ ಶಿಫ್ಟಿಗೆ ಸೇರಿಕೊಳ್ಳುವವರಿದ್ದಾರೆ. ಅವರಿಗೆ ಬುದ್ಧಿ ಕಡಿಮೆಯಾಗಿದ್ದಲ್ಲ. ಯಾರೂ ಅವರ ಜತೆ ಆ ಜಿಗಿತಕ್ಕೆ ನಿಲ್ಲಲಿಲ್ಲ, ಅಷ್ಟೇ.

ನಿಂತರೆ ಏನಾಗುತ್ತದೆ ಎಂಬುದು ಒಳ್ಳೆಯ ಮೇಷ್ಟ್ರು ಸಿಕ್ಕ ಕ್ಲಾಸುಗಳಲ್ಲಿ ಕಾಣುತ್ತದೆ. ಮೊದಲ ಕೆಲವು ವಾರ ಪೋರ್ಷನ್ ಬದಿಗಿಟ್ಟು ಬ್ರಿಡ್ಜ್ ಕೋರ್ಸ್, ಅಂದರೆ ಹಿಂದಿನ ಓದಿಗೂ ಡಿಗ್ರಿಗೂ ಸೇತುವೆಯಾಗುವ ಪಾಠ, ಮಾಡುತ್ತಾರೆ. ವಿಷಯವನ್ನು ಕನ್ನಡದಲ್ಲೋ ತೆಲುಗಿನಲ್ಲೋ ತಿಳಿಸಿ, ಬರೆಯುವುದನ್ನು ನಿಧಾನಕ್ಕೆ ಇಂಗ್ಲಿಷಿಗೆ ತರುತ್ತಾರೆ. ಹಿಂದಿನ ಬೆಂಚಿನವರನ್ನು ಚಿಕ್ಕ ಗುಂಪು ಮಾಡಿ, ಸೀನಿಯರ್ ವಿದ್ಯಾರ್ಥಿಗಳಿಂದಲೇ ಹೇಳಿಸುತ್ತಾರೆ. ಇದಕ್ಕೆ ದುಬಾರಿ ಸಲಕರಣೆ ಬೇಡ. ಸಮಯ ಬೇಕು, ಮಕ್ಕಳ ಪರಿಚಯ ಬೇಕು.

ಕಲಿಸಲು ಬೇಕಾದ ಸರಕೂ ಈ ನೆಲದಲ್ಲೇ ಇದೆ. ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಯ ಒಂದು ದಿನದ ಹರಾಜು ನೋಡಿ ಬಂದವರಿಗೆ ಬೇಡಿಕೆ, ಪೂರೈಕೆ, ಬೆಲೆ ಎಂಬ ಪಾಠ ಬಾಯಿಪಾಠ ಮಾಡಬೇಕಾಗಿಲ್ಲ. ಹಾಲಿನ ಡೇರಿಯ ಪಾಸ್‌ಬುಕ್ಕಿನಿಂದ ಲೆಡ್ಜರ್ ಶುರು ಮಾಡಬಹುದು. ಪಾವಗಡ, ಬಾಗೇಪಲ್ಲಿಯ ಕೊಳವೆಬಾವಿ ನೀರಿನ ಫ್ಲೋರೈಡ್ ಅಳೆಯುವುದು ಕೆಮಿಸ್ಟ್ರಿ ಲ್ಯಾಬಿನ ಕೆಲಸ, ಮನೆಯ ಕುಡಿಯುವ ನೀರಿನ ಪ್ರಶ್ನೆಯೂ ಹೌದು. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಿಂದ ಕಣ್ಣೆದುರಿಗಿದೆ. ಪಾವಗಡದ ತಿರುಮಣಿಯ ಸುತ್ತ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ. ಫಿಸಿಕ್ಸ್, ಅರ್ಥಶಾಸ್ತ್ರ, ಸಮಾಜಶಾಸ್ತ್ರ ಮೂರಕ್ಕೂ ಅಲ್ಲಿ ಪಾಠ ಸಿಗುತ್ತದೆ. ಶಾಲಾ ಮಕ್ಕಳ ಮಟ್ಟದಲ್ಲಿ ಇದನ್ನು ಮಾಡಿ ತೋರಿಸಿದವರು ಪಕ್ಕದಲ್ಲೇ ಇದ್ದಾರೆ. ಕೋಲಾರದ ಗಡಿಗೆ ಅಂಟಿಕೊಂಡ ಕುಪ್ಪಂ ಬಳಿಯ ಅಗಸ್ತ್ಯ ಪ್ರತಿಷ್ಠಾನ ವಿಜ್ಞಾನದ ಪ್ರಯೋಗಗಳನ್ನು ಗಾಡಿಯಲ್ಲಿ ಹಾಕಿಕೊಂಡು ಹಳ್ಳಿ ಶಾಲೆಗಳಿಗೆ ಹೋಗುತ್ತದೆ. ಡಿಗ್ರಿ ಕ್ಲಾಸಿಗೆ ಆ ಅಭ್ಯಾಸ ಇನ್ನೂ ಸರಿಯಾಗಿ ಬಂದಿಲ್ಲ.

ಬಾರದೆ ಇರಲು ಒಂದು ಮುಖ್ಯ ಕಾರಣ, ಹೀಗೆ ಕಲಿಸಬೇಕಾದವರ ಸ್ಥಿತಿ. ಕಾಲೇಜುಗಳು ಹೆಚ್ಚಾದ ವೇಗದಲ್ಲಿ ಕಾಯಂ ಹುದ್ದೆಗಳು ತುಂಬಲಿಲ್ಲ. ಪಾಠದ ಭಾರ ಅತಿಥಿ ಉಪನ್ಯಾಸಕರ, ಅಂದರೆ ಕಾಯಂ ಅಲ್ಲದೆ ಗೌರವಧನಕ್ಕೆ ಪಾಠ ಮಾಡುವವರ ಮೇಲೆ ಬಿತ್ತು. ರಾಜ್ಯದಲ್ಲಿ ಅವರು ಹತ್ತು ಸಾವಿರಕ್ಕೂ ಹೆಚ್ಚು. 2021ರಲ್ಲಿ ಸಹಾಯಕ ಪ್ರಾಧ್ಯಾಪಕರ ಕಾಯಂ ಹುದ್ದೆಗೆ ಅರ್ಜಿ ಕರೆದದ್ದು 1,242ಕ್ಕೆ. 2022ರವರೆಗೆ ಅತಿಥಿ ಉಪನ್ಯಾಸಕರ ಗೌರವಧನ ತಿಂಗಳಿಗೆ 11,000ದಿಂದ 13,000 ರೂಪಾಯಿ. ಆ ವರ್ಷ ಮುಷ್ಕರದ ನಂತರ ಅದು ಅರ್ಹತೆ, ಅನುಭವ ನೋಡಿ 26,000ದಿಂದ 32,000ಕ್ಕೆ ಏರಿತು. ಜತೆಗೆ ಒಬ್ಬೊಬ್ಬರಿಗೂ ವಾರಕ್ಕೆ 15 ಗಂಟೆ ಪಾಠ ಎಂದಾಯಿತು. ಕೆಲಸದಲ್ಲಿ ಉಳಿದವರ ಸಂಬಳ ಹೆಚ್ಚಿತು, ಕೆಲವರಿಗೆ ಪಾಠದ ಗಂಟೆಯೇ ಸಿಗಲಿಲ್ಲ. 2024ರ ಜನವರಿಯಲ್ಲಿ ಕಾಯಮಾತಿ ಕೇಳಿ ಅವರು ಸಿದ್ಧಗಂಗಾ ಮಠದಿಂದ ಬೆಂಗಳೂರಿಗೆ ಪಾದಯಾತ್ರೆ ಹೊರಟರು.

ಇದು ಮೇಷ್ಟ್ರುಗಳ ಸಂಬಳದ ಪ್ರಶ್ನೆ ಮಾತ್ರ ಅಲ್ಲ. ಮುಂದಿನ ವರ್ಷ ಇದೇ ಕಾಲೇಜಿನಲ್ಲಿ ಇರುತ್ತೇನೋ ಇಲ್ಲವೋ ಗೊತ್ತಿಲ್ಲದವರು ಸೋಲಾರ್ ಪಾರ್ಕಿಗೆ ಪ್ರಾಜೆಕ್ಟ್ ಹೇಗೆ ಯೋಜಿಸುತ್ತಾರೆ? ಹೊಸ ವಿಧಾನ ಒಂದು ವರ್ಷ ಎಡವಿ, ಎರಡನೇ ವರ್ಷ ತಿದ್ದಿ, ಮೂರನೇ ವರ್ಷ ಕೈಗೆ ಹತ್ತುತ್ತದೆ. ಅಷ್ಟು ಕಾಲ ಒಂದೇ ಕಡೆ ಇರಲು ಬಿಡಬೇಕು, ಅಲ್ವಾ?

ಕೋವಿಡ್ ಈ ಕೊರತೆಯನ್ನು ಬಯಲಿಗಿಟ್ಟಿತು. ಸರ್ಕಾರಿ ಕಾಲೇಜುಗಳಿಗೆ ಎಲ್‌ಎಂಎಸ್, ಅಂದರೆ ಪಾಠಗಳನ್ನು ಆನ್‌ಲೈನಿನಲ್ಲಿ ಕೊಡುವ ವ್ಯವಸ್ಥೆ, ಬಂತು. 2021ರ ಜೂನಿನಲ್ಲಿ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ ಕೊಡುವ ಕೆಲಸ ಶುರುವಾಯಿತು. ಮನೆಗೆ ಒಂದೇ ಫೋನ್ ಇದ್ದವರಿಗೆ ಅದು ನಿಜವಾದ ಸಹಾಯ. ಆದರೆ ಸಿಗ್ನಲ್ ಹುಡುಕಿ ಗುಡ್ಡ ಹತ್ತಬೇಕಾದ ಊರುಗಳಿದ್ದವು. ಪಾಠ ಕೈಗೆ ಬಂದ ಮೇಲೂ ಸಂದೇಹ ಕೇಳಲು ಜನ ಬೇಕಿತ್ತು. 2017ರಲ್ಲಿ ಬಂದ, ಕೇಂದ್ರ ಸರ್ಕಾರದ 'ಸ್ವಯಂ' ಆನ್‌ಲೈನ್ ಕೋರ್ಸುಗಳ ಕಥೆಯೂ ಹೀಗೆಯೇ. ನೋಂದಣಿ ಸುಲಭ, ಪಾಠ ಉಚಿತ. ಆದರೆ ಇಂಗ್ಲಿಷಿಗೆ ಹೆದರಿ ಕೂತವರಿಗೆ ಇಂಗ್ಲಿಷ್ ವೀಡಿಯೊ ಒಂದರಿಂದಲೇ ಧೈರ್ಯ ಬರುವುದಿಲ್ಲ. ಕ್ಲಾಸಿನಲ್ಲಿ ನಿಲ್ಲಿಸಿ ನಿಲ್ಲಿಸಿ ತೋರಿಸಿ, ನಡುವೆ ಮಾತನಾಡಿಸುವವರು ಇದ್ದಾಗ ಅದೇ ವೀಡಿಯೊ ಬಹಳ ಉಪಯೋಗಕ್ಕೆ ಬರುತ್ತದೆ.

ಇದರ ಮೇಲೆ ನೀತಿಗಳ ಅದಲುಬದಲು. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಕರ್ನಾಟಕ 2021-22ರಲ್ಲೇ ಜಾರಿಗೆ ತಂದಿತು, ನಾಲ್ಕು ವರ್ಷದ ಆನರ್ಸ್ ಬಂತು. 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿ. ಒಂದೇ ಮನೆಯ ಅಕ್ಕ ತಮ್ಮ ಬೇರೆ ಬೇರೆ ಸಿಲಬಸ್ಸಿನಲ್ಲಿ ಓದಿದರು. ಅಕ್ಕನ ನೋಟ್ಸ್ ತಮ್ಮನಿಗೆ ಆಗಲಿಲ್ಲ. ಹಳೇ ಪುಸ್ತಕ ನಂಬಿ ಓದುವ ಮನೆಗಳಿಗೆ ಇದು ಸಣ್ಣ ನಷ್ಟವಲ್ಲ.

ಒಳ್ಳೆಯ ಬೆಳವಣಿಗೆಗಳೂ ಇವೆ. ತುಮಕೂರು ವಿಶ್ವವಿದ್ಯಾನಿಲಯ ತನ್ನ ವಿದ್ಯಾರ್ಥಿಗಳಿಗೆ ಮಧ್ಯಾಹ್ನದ ಊಟ ಕೊಡಲು ಶುರು ಮಾಡಿದೆ. ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟವರು ಮಧ್ಯಾಹ್ನದ ಕ್ಲಾಸಿಗೂ ಕೂರಲು ಇದಕ್ಕಿಂತ ನೇರವಾದ ದಾರಿ ಇನ್ನೊಂದಿಲ್ಲ. 2024-25ರಿಂದ ಕೆಲವು ಸರ್ಕಾರಿ ಕಾಲೇಜುಗಳಲ್ಲಿ ಅಪ್ರೆಂಟಿಸ್‌ಶಿಪ್ ಸೇರಿದ ಡಿಗ್ರಿಯೂ ಬಂದಿದೆ. ದುಡಿಮೆಗೆಂದು ಓದು ಬಿಡುವವರನ್ನು ಇದು ಹಿಡಿದಿಟ್ಟುಕೊಳ್ಳಬಹುದು. ಆದರೆ ಕಂಪನಿಯಲ್ಲಿ ಕಲಿತದ್ದನ್ನು ಕ್ಲಾಸಿನ ಪಾಠಕ್ಕೆ ಹೊಂದಿಸುವ ಮೇಷ್ಟ್ರು ಇಲ್ಲಿಯೂ ಬೇಕು.

ರಾಜ್ಯ ಶಿಕ್ಷಣ ನೀತಿಗಾಗಿ ಸುಖದೇವ್ ಥೋರಟ್ ಅವರ ಆಯೋಗ 2025ರ ಆಗಸ್ಟಿನಲ್ಲಿ ವರದಿ ಕೊಟ್ಟಿದೆ. ಶಾಲೆಗೆ ಎರಡು ಭಾಷೆ, ಡಿಗ್ರಿಗೆ ಮೂರು ವರ್ಷ, ಸ್ನಾತಕೋತ್ತರಕ್ಕೆ ಎರಡು ಎನ್ನುವುದು ಅದರ ಶಿಫಾರಸುಗಳಲ್ಲಿ ಸೇರಿವೆ. ಚರ್ಚೆ ಹೆಚ್ಚಾಗಿ ಭಾಷೆಗಳ ಸಂಖ್ಯೆಯ ಸುತ್ತಲೇ ನಡೆದಿದೆ. ಪಾವಗಡ, ಬಾಗೇಪಲ್ಲಿಯ ಕಾಲೇಜುಗಳಿಗೆ ಅದಕ್ಕಿಂತ ಮೊದಲು ಬೇಕಾದದ್ದು ಮೂರು: ಸೆಮಿಸ್ಟರಿನ ಮೊದಲ ದಿನವೇ ಎಲ್ಲ ವಿಷಯಕ್ಕೂ ಮೇಷ್ಟ್ರು, ಟೈಮ್‌ಟೇಬಲಿನಲ್ಲೇ ಬ್ರಿಡ್ಜ್ ಕೋರ್ಸಿಗೆ ಗಂಟೆ, ಮತ್ತು ಮೊದಲ ವರ್ಷ ಸೇರಿದವರಲ್ಲಿ ಎಷ್ಟು ಮಂದಿ ಮೂರನೇ ವರ್ಷದ ಪರೀಕ್ಷೆ ಬರೆದರು ಎಂಬ ಲೆಕ್ಕವನ್ನು ಪ್ರತಿ ಕಾಲೇಜೂ ನೋಟಿಸ್ ಬೋರ್ಡಿಗೆ ಹಾಕುವುದು.