ಲುಬ್ಧಕದ ಸಣ್ಣ ಚಿಕ್ಕಿ: ಫೋಟೋದಲ್ಲಿ ನಾನು ಎಡವಿದ ಜಾಗ

ಲುಬ್ಧಕ ಅಂದರೆ ಸಿರಿಯಸ್. ರಾತ್ರಿ ಆಕಾಶದಲ್ಲಿ ಅದಕ್ಕಿಂತ ಬೆಳಗುವ ನಕ್ಷತ್ರ ಇಲ್ಲ. ಅದಕ್ಕೊಂದು ಜೊತೆಗಾರ ನಕ್ಷತ್ರ ಇದೆ, ಸಿರಿಯಸ್ ಬಿ. ತೂಕ ಸೂರ್ಯನಷ್ಟು, ಗಾತ್ರ ಭೂಮಿಯಷ್ಟು. ಲುಬ್ಧಕ ಓಲಾಡುತ್ತಾ ಸಾಗುವುದನ್ನು ಲೆಕ್ಕ ಹಾಕಿ 1844ರಲ್ಲಿ ಜರ್ಮನ್ ಖಗೋಳಶಾಸ್ತ್ರಜ್ಞ ಬೆಸೆಲ್ ಇಂಥದ್ದೊಂದು ಇರಲೇಬೇಕು ಅಂದರು. 1862ರ ಜನವರಿ 31ರಂದು ಅಮೆರಿಕದ ದೂರದರ್ಶಕ ತಯಾರಕ ಆಲ್ವನ್ ಗ್ರಹಾಂ ಕ್ಲಾರ್ಕ್ ಅದನ್ನು ಕಣ್ಣಾರೆ ಕಂಡರು.

ಇದರ ಫೋಟೋ ತೆಗೆಯಬೇಕೆಂದರೆ ಕಷ್ಟ ಇರುವುದು ಬೆಳಕಿನಲ್ಲಿ. ದೊಡ್ಡದು ಸಣ್ಣದಕ್ಕಿಂತ ಸುಮಾರು 10,000 ಪಟ್ಟು ಪ್ರಕಾಶಮಾನ. ಆದರೆ ಈಗ ಒಳ್ಳೆಯ ಕಾಲ. ಇವೆರಡು ಒಂದು ಸುತ್ತು ಮುಗಿಸಲು 50 ವರ್ಷ ಬೇಕು. 1990ರ ದಶಕದ ಮೊದಲಲ್ಲಿ ನಡುವಿನ ಅಂತರ 3 ಆರ್ಕ್‌ಸೆಕೆಂಡಿನ (ಒಂದು ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3600ರಲ್ಲಿ ಒಂದು ಪಾಲು) ಆಸುಪಾಸು ಇತ್ತು, ಈಗ ಸುಮಾರು 11.

ಎಳ್ಳ ಅಮಾವಾಸ್ಯೆ ದಿನ ವಿಜಯಪುರದ ಹತ್ತಿರ ಕಾಕಾನ ಹೊಲದಲ್ಲಿ ಚರಗ ಚೆಲ್ಲಿ, ಊಟ ಮುಗಿಸಿ, ರಾತ್ರಿ ಅಲ್ಲೇ ಉಳಿದೆ. ಇದಕ್ಕೆ ಅಮಾವಾಸ್ಯೆಯ ಕತ್ತಲೇನೂ ಬೇಕಿಲ್ಲ, ಗಾಳಿ ಅಲುಗಬಾರದು ಅಷ್ಟೇ. ಮನೆ ಮಾಳಿಗೆ ಹಗಲಿನ ಬಿಸಿಯನ್ನು ರಾತ್ರಿಯಿಡೀ ಉಗುಳುತ್ತದೆ, ನಕ್ಷತ್ರ ಕುದಿಯುವ ನೀರಿನ ತಳದಲ್ಲಿದ್ದಂತೆ ನಡುಗುತ್ತದೆ. ಹೊಲದ ಮಣ್ಣು ಬೇಗ ತಣ್ಣಗಾಗುತ್ತದೆ. ಜನವರಿ ಮೊದಲಲ್ಲಿ ಲುಬ್ಧಕ ಇಲ್ಲಿ ರಾತ್ರಿ ಹನ್ನೆರಡೂವರೆ ಹೊತ್ತಿಗೆ 56 ಡಿಗ್ರಿ ಎತ್ತರಕ್ಕೆ ಬರುತ್ತದೆ. ಆಗಲೇ ತೆಗೆಯಿರಿ.

ನನ್ನದು 8 ಇಂಚಿನ ನ್ಯೂಟೋನಿಯನ್ (ಕನ್ನಡಿಯ ದೂರದರ್ಶಕ), ಫೋಕಲ್ ಲೆಂತ್ 1200 ಮಿಮೀ, ನಕ್ಷತ್ರದ ಜೊತೆಗೇ ತಿರುಗುವ, ಮೋಟಾರ್ ಇರುವ ಇಕ್ವೆಟೋರಿಯಲ್ ಮೌಂಟ್ (ಸ್ಟ್ಯಾಂಡ್). ಕ್ಯಾಮೆರಾದ ಪಿಕ್ಸೆಲ್ 2.9 ಮೈಕ್ರಾನ್. ಚಿಕ್ಕ ಚಿಕ್ಕ ಎಕ್ಸ್‌ಪೋಷರ್‌ಗಳ ವೀಡಿಯೊ ತೆಗೆದು ಚೆನ್ನಾಗಿರುವ ಫ್ರೇಮ್ ಆರಿಸಿದೆ. ದೊಡ್ಡ ನಕ್ಷತ್ರ ಸುಟ್ಟು ಬೆಳ್ಳಗಾದರೂ ಪರವಾಗಿಲ್ಲ, ಅದರ ಪ್ರಭೆ 11 ಆರ್ಕ್‌ಸೆಕೆಂಡಿನ ಒಳಗೇ ನಿಂತರೆ ಸಾಕು.

ಈಗ ನಾನು ಎಡವಿದ ಜಾಗ. ಪರದೆ ಮೇಲೆ ಒಂದು ಚುಕ್ಕೆ ಕಂಡಿತು, ಕುಣಿದುಬಿಟ್ಟೆ. ಅದು ನಕ್ಷತ್ರ ಅಲ್ಲ. ಒಳಗಿನ ಕನ್ನಡಿ ಹಿಡಿದ ನಾಲ್ಕು ಪಟ್ಟಿಗಳಿಂದ ಬೆಳಕು ನಾಲ್ಕು ಕಡೆ ಗೆರೆಯಾಗಿ ಚೆಲ್ಲುತ್ತದಲ್ವಾ, ಆ ಗೆರೆಯ ಮೇಲಿನ ಗಂಟು. ಹಾಗಾದರೆ ನಿಜವಾದದ್ದು ಯಾವ ಕಡೆ ಇರಬೇಕು?

ಮೋಟಾರ್ ನಿಲ್ಲಿಸಿ. ನಕ್ಷತ್ರ ತಾನಾಗೇ ಸರಿಯುತ್ತದೆ. ಅದು ಸರಿಯುವ ದಿಕ್ಕೇ ಪಶ್ಚಿಮ. ಫೋಟೋವನ್ನು ತಿರುಗಿಸಿ ಪಶ್ಚಿಮ ಬಲಕ್ಕೆ ಬರುವಂತೆ ಮಾಡಿ. ಆಗ ಮೇಲೆ ಉತ್ತರ, ಎಡಕ್ಕೆ ಪೂರ್ವ. ನೆಲದ ನಕಾಶೆಯಲ್ಲಿ ಪೂರ್ವ ಬಲಕ್ಕಿರುತ್ತದೆ, ಆಕಾಶವನ್ನು ನಾವು ಕೆಳಗಿನಿಂದ ನೋಡುವುದರಿಂದ ಇಲ್ಲಿ ಎಡಕ್ಕೆ. ಇದನ್ನೇ ನಾನು ಉಲ್ಟಾ ಹಿಡಿದಿದ್ದೆ. ಸಿರಿಯಸ್ ಬಿ ಈಗ ಉತ್ತರದಿಂದ ಪೂರ್ವದ ಕಡೆಗೆ 60 ಡಿಗ್ರಿ ದಾಟಿದ ಜಾಗದಲ್ಲಿದೆ. ಗಡಿಯಾರದ ಮುಖ ನೆನಪಿಸಿಕೊಳ್ಳಿ: 12 ಉತ್ತರ, 9 ಪೂರ್ವ. ಹಾಗಾದರೆ ಹುಡುಕಬೇಕಾದದ್ದು 10ರ ಹತ್ತಿರ. (ನಡುವೆ ಡಯಾಗನಲ್, ಅಂದರೆ ಬೆಳಕನ್ನು ಪಕ್ಕಕ್ಕೆ ತಿರುಗಿಸುವ ಕನ್ನಡಿ, ಹಾಕಿದ್ದರೆ ಚಿತ್ರ ಕನ್ನಡಿಯಂತೆ ತಿರುವಾಗುತ್ತದೆ, ಮೊದಲು ಅದನ್ನು ಸರಿಮಾಡಿ.)

ಈ ಸರಿಯುವಿಕೆ ನನಗೆ ತುಂಬಾ ಇಷ್ಟ, ಏಕೆಂದರೆ ಅದೇ ಅಳತೆಗೋಲೂ ಆಗುತ್ತದೆ. ಲುಬ್ಧಕ ಸೆಕೆಂಡಿಗೆ 14.4 ಆರ್ಕ್‌ಸೆಕೆಂಡ್ ಸರಿಯುತ್ತದೆ. 10 ಸೆಕೆಂಡಿಗೆ 144. ನನ್ನ ವೀಡಿಯೊದಲ್ಲಿ ಅದು ಸುಮಾರು 288 ಪಿಕ್ಸೆಲ್, ಅಂದರೆ ಪಿಕ್ಸೆಲ್‌ಗೆ ಅರ್ಧ ಆರ್ಕ್‌ಸೆಕೆಂಡ್. ಜೊತೆಗಾರ 22 ಪಿಕ್ಸೆಲ್ ದೂರದಲ್ಲಿರಬೇಕು.

ಕೊನೆಯ ಪರೀಕ್ಷೆ: ದೂರದರ್ಶಕದ ಟ್ಯೂಬನ್ನು ಅದನ್ನು ಹಿಡಿದಿರುವ ರಿಂಗ್‌ಗಳಲ್ಲೇ 45 ಡಿಗ್ರಿ ತಿರುಗಿಸಿ. ಕ್ಯಾಮೆರಾನೂ ಜೊತೆಗೇ ತಿರುಗುವುದರಿಂದ ಪರದೆ ಮೇಲೆ ಗೆರೆಗಳು ಇದ್ದಲ್ಲೇ ಇರುತ್ತವೆ. ಇದನ್ನು ನೋಡಿ ಗಾಬರಿಯಾಗಬೇಡಿ, ನಾನಾಗಿದ್ದೆ. ಮತ್ತೆ ಮೋಟಾರ್ ನಿಲ್ಲಿಸಿ, ಪಶ್ಚಿಮವನ್ನು ಮತ್ತೆ ಬಲಕ್ಕೆ ತನ್ನಿ. ಈಗ ಗೆರೆಗಳ ಜಾಗ ಬದಲಾಗಿರುತ್ತದೆ. ಗೆರೆಯ ಗಂಟಾಗಿದ್ದರೆ ಅದೂ ಗೆರೆಯ ಜೊತೆ ಹೋಗಿರುತ್ತದೆ. ನಕ್ಷತ್ರ ಮಾತ್ರ ಹೋಗುವುದಿಲ್ಲ.

ಮೊದಲ ಸಲ ಮಾಡುವವರು ರೈಜೆಲ್ ಅನ್ನುವ ನಕ್ಷತ್ರದಲ್ಲಿ ಕೈ ಪಳಗಿಸಿಕೊಳ್ಳಿ. ಅದರ ಜೊತೆಗಾರ 9.5 ಆರ್ಕ್‌ಸೆಕೆಂಡ್ ದೂರ, ಬೆಳಕಿನ ವ್ಯತ್ಯಾಸ ಸುಮಾರು 500 ಪಟ್ಟು ಅಷ್ಟೇ.

ಕಂಬಳಿ ಹೊದ್ದು ಕೂತಿದ್ದ ಕಾಕಾ "ಎಲ್ಲೈತೋ ತಮ್ಮಾ ನಿನ್ನ ಸಣ್ಣ ಚಿಕ್ಕಿ?" ಅಂದರು. ಎರಡೂ ಫೋಟೋ ಅಕ್ಕಪಕ್ಕ ಇಟ್ಟು ತೋರಿಸಿದೆ. ಗೆರೆಗಳು ಬೇರೆ ಬೇರೆ ಕಡೆ ಇದ್ದವು. ಹತ್ತರ ಜಾಗದಲ್ಲಿ, ಪ್ರಭೆಯ ಅಂಚಿಗೆ ತಾಗಿ, ಎರಡರಲ್ಲೂ ಅದೇ ಸಾಸಿವೆಕಾಳಿನಷ್ಟು ಬಿಳಿ ಚುಕ್ಕೆ.