ಕೆಡವಿದರೆ ಜೈಲು, ಸೋರಲು ಬಿಟ್ಟರೆ? ಡರ್ಬಿಶೈರ್ ಉದಾಹರಣೆಯ ಟಿಪ್ಪಣಿ

ಇಂಗ್ಲೆಂಡಿನ ಪಾರಂಪರಿಕ ಕಟ್ಟಡಗಳ ಕಾನೂನು ಓದುವಾಗ ನಾನು ಎಡವಿದ್ದು ಒಂದೇ ಕಡೆ, ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ. 1990ರ ಕಾಯ್ದೆ ಪ್ರಕಾರ ಲಿಸ್ಟೆಡ್ ಕಟ್ಟಡವನ್ನು, ಅಂದರೆ ಸರ್ಕಾರದ ಸಂರಕ್ಷಿತ ಪಟ್ಟಿಗೆ ಸೇರಿದ ಕಟ್ಟಡವನ್ನು, ಅನುಮತಿ ಇಲ್ಲದೆ ಕೆಡವಿದರೆ ಅಪರಾಧ. 2 ವರ್ಷದವರೆಗೆ ಜೈಲು, ದಂಡಕ್ಕೆ ಮಿತಿಯೇ ಇಲ್ಲ. ಸರಿ. ಆದರೆ ಅದೇ ಕಟ್ಟಡಕ್ಕೆ ಬೀಗ ಜಡಿದು, ಇಪ್ಪತ್ತು ವರ್ಷ ಆ ಕಡೆ ತಲೆಯೂ ಹಾಕದೆ, ತಾನಾಗಿ ಬೀಳಲಿ ಅಂತ ಸುಮ್ನೆ ಕೂತರೆ? ಅಪರಾಧ ಅಲ್ಲ. ಮಾಲೀಕ ಕಟ್ಟಡವನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳಲೇಬೇಕು ಅನ್ನುವ ನಿಯಮ ಆ ಕಾಯ್ದೆಯಲ್ಲಿ ಇಲ್ಲ. ಈ ತೂತು ಕಣ್ಣಿಗೆ ಬಿದ್ದರೆ ಮುಂದಿನ ಸೆಕ್ಷನ್‌ಗಳು ಯಾಕೆ ಹಾಗಿವೆ ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಕಟ್ಟಡ ಹೇಗೆ ಹಾಳಾಗುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಅಜ್ಜನ ಕಾಲದ ಹೆಂಚಿನ ಮನೆ ನೋಡಿದವರಿಗೆ ಗೊತ್ತು: ಒಂದು ಹೆಂಚು ಜರುಗಿದರೆ ಈ ಮಳೆಗಾಲಕ್ಕೆ ಜಂತೆ ನೆನೆಯುತ್ತದೆ, ಇನ್ನೆರಡು ಮಳೆಗಾಲಕ್ಕೆ ತೊಲೆ ಕೊಳೆಯುತ್ತದೆ, ಆಮೇಲೆ ಗೋಡೆ. ಅಲ್ಲಿಯೂ ಅದೇ ಕಥೆ, ಹೆಂಚಿನ ಜಾಗದಲ್ಲಿ ಸ್ಲೇಟು ಕಲ್ಲು ಅಷ್ಟೆ. ಜೊತೆಗೆ ಛಾವಣಿಯ ಸೀಸದ ಹಾಳೆ ಕದಿಯುವವರ ಕಾಟ ಬೇರೆ. ಖಾಲಿ ಬಿದ್ದ ಕಟ್ಟಡ ಅಂದರೆ ಕಳ್ಳರಿಗೆ ಹಬ್ಬ.

ಹಾಗಾದರೆ ಸ್ಥಳೀಯ ಕೌನ್ಸಿಲ್ ಏನು ಮಾಡಬಹುದು? ಎರಡು ನೋಟಿಸ್ ಇವೆ, ಇವೆರಡನ್ನೂ ಬಹಳ ಜನ ಒಂದೇ ಅಂದುಕೊಳ್ಳುತ್ತಾರೆ. ಸೆಕ್ಷನ್ 54 ತುರ್ತು ಕೆಲಸದ್ದು. ಛಾವಣಿಗೆ ಟಾರ್ಪಾಲು ಹೊದಿಸುವುದು, ವಾಲಿದ ಗೋಡೆಗೆ ಆಸರೆ ಕೊಡುವುದು, ಕಿಟಕಿಗೆ ಹಲಗೆ ಬಡಿಯುವುದು, ಇಂಥವು. ಮಾಲೀಕನಿಗೆ ಕನಿಷ್ಠ 7 ದಿನ ಮೊದಲೇ ಲಿಖಿತವಾಗಿ ತಿಳಿಸಿ ಕೌನ್ಸಿಲ್ ತಾನೇ ಕೆಲಸ ಮಾಡಿಸುತ್ತದೆ, ಖರ್ಚನ್ನು ಸೆಕ್ಷನ್ 55ರಲ್ಲಿ ಅವನಿಂದಲೇ ವಸೂಲಿ ಮಾಡಬಹುದು. ಆದರೆ ಇದು ಗಾಯಕ್ಕೆ ಬಟ್ಟೆ ಕಟ್ಟಿದ ಹಾಗೆ, ಚಿಕಿತ್ಸೆ ಅಲ್ಲ.

ಚಿಕಿತ್ಸೆ ಸೆಕ್ಷನ್ 48ರಲ್ಲಿದೆ, ಅಂದರೆ ರಿಪೇರಿ ನೋಟಿಸ್. ಏನೇನು ದುರಸ್ತಿ ಆಗಬೇಕು ಅಂತ ಪೂರ್ತಿ ಪಟ್ಟಿ ಕೊಡುತ್ತಾರೆ. 2 ತಿಂಗಳು ಕಳೆದರೂ ಮಾಲೀಕ ಕದಲದಿದ್ದರೆ ಸೆಕ್ಷನ್ 47ರಲ್ಲಿ ಕಟ್ಟಡವನ್ನೇ ಕಡ್ಡಾಯವಾಗಿ ಕೊಳ್ಳುವ ಪ್ರಕ್ರಿಯೆ ಶುರು ಮಾಡಬಹುದು. ನನಗೆ ಇಷ್ಟವಾದದ್ದು ಸೆಕ್ಷನ್ 50: ಕೆಡವಿ ಜಾಗ ಬಳಸಿಕೊಳ್ಳುವ ಆಸೆಯಿಂದ ಬೇಕಂತಲೇ ಹಾಳಾಗಲು ಬಿಟ್ಟಿದ್ದಾನೆ ಅಂತ ಸಾಬೀತಾದರೆ, ಕಟ್ಟಡ ಕೊಳ್ಳುವಾಗ ಮಾಲೀಕನಿಗೆ ಕೊಡುವ ಪರಿಹಾರ ಕನಿಷ್ಠ ಮಟ್ಟಕ್ಕೆ ಇಳಿಯುತ್ತದೆ. ಆದರೆ ಮನಸ್ಸಿನಲ್ಲಿ ಇದ್ದದ್ದನ್ನು ಸಾಬೀತು ಮಾಡುವುದು ಸುಲಭವೇನಲ್ಲ, ಅಲ್ವಾ?

ಇಷ್ಟೂ ಕಾಗದದ ಮಾತು. ಡರ್ಬಿಶೈರ್ ಕೌಂಟಿಯ ವಿಂಗ್‌ಫೀಲ್ಡ್ ರೈಲು ನಿಲ್ದಾಣ ನೋಡಿದರೆ ಪೂರ್ತಿ ಸರಪಳಿ ಕಾಣುತ್ತದೆ. 1840ರಲ್ಲಿ ತೆರೆದ ನಿಲ್ದಾಣ, ವಾಸ್ತುಶಿಲ್ಪಿ ಫ್ರಾನ್ಸಿಸ್ ಥಾಂಪ್ಸನ್. ಅಂದರೆ ರೈಲು ಅನ್ನುವುದೇ ಹೊಸದಾಗಿದ್ದ ಕಾಲದ್ದು. 1967ರಲ್ಲಿ ಮುಚ್ಚಿತು, ಖಾಸಗಿ ಕೈಗೆ ಹೋಯಿತು, ಪಾಳು ಬಿತ್ತು. ರೈಲುಗಳು ಮಾತ್ರ ಪಕ್ಕದಲ್ಲೇ ಓಡುತ್ತಲೇ ಇದ್ದವು. 2012ರಲ್ಲಿ ಹಳೆಯ ಕಟ್ಟಡಗಳ ಉಳಿವಿಗೆ ದುಡಿಯುವ ವಿಕ್ಟೋರಿಯನ್ ಸೊಸೈಟಿ ಅನ್ನುವ ಸಂಸ್ಥೆ ತನ್ನ ಅಪಾಯದಲ್ಲಿರುವ 10 ಕಟ್ಟಡಗಳ ಪಟ್ಟಿಗೆ ಇದನ್ನು ಸೇರಿಸಿತು. ಆಮೇಲೆ ಲಿಸ್ಟಿಂಗ್ ದರ್ಜೆ ಗ್ರೇಡ್ 2 ಸ್ಟಾರ್‌ಗೆ, ಅಂದರೆ ಮೇಲಿನಿಂದ ಎರಡನೆಯದಕ್ಕೆ, ಏರಿತು. ಕೊನೆಗೆ 2019ರಲ್ಲಿ ಆಂಬರ್ ವ್ಯಾಲಿ ಬರೋ ಕೌನ್ಸಿಲ್ ಕಡ್ಡಾಯ ಖರೀದಿ ಮಾಡಿ, ಡರ್ಬಿಶೈರ್ ಹಿಸ್ಟಾರಿಕ್ ಬಿಲ್ಡಿಂಗ್ಸ್ ಟ್ರಸ್ಟ್‌ಗೆ ಒಪ್ಪಿಸಿತು. ಟ್ರಸ್ಟ್ ದುರಸ್ತಿಗೆ ಕೈ ಹಾಕಿತು.

ಇಲ್ಲಿ ಗಮನಿಸಬೇಕಾದ್ದು ಆ ಟ್ರಸ್ಟ್. ನೋಟಿಸ್ ಕೊಡಲು ಕೌನ್ಸಿಲ್‌ಗಳು ಹಿಂಜರಿಯುವುದು ಧೈರ್ಯ ಸಾಲದೆ ಅಂತ ಅಲ್ಲ, ಕೊಂಡ ಮೇಲೆ ಏನು ಮಾಡುವುದು ಅನ್ನುವ ಭಯದಿಂದ. ದುರಸ್ತಿಗೆ ಹತ್ತು ಖರ್ಚಾಗಿ, ಮುಗಿದ ಮೇಲೆ ಕಟ್ಟಡದ ಬೆಲೆ ಆರು ಅಂತಾದರೆ ಆ ನಾಲ್ಕನ್ನು ಯಾರು ಕೊಡಬೇಕು? ಈ ಅಂತರಕ್ಕೆ ಕನ್ಸರ್ವೇಶನ್ ಡೆಫಿಸಿಟ್ ಅನ್ನುತ್ತಾರೆ. ಅದನ್ನು ಲಾಟರಿ ನಿಧಿ, ಅನುದಾನ, ದೇಣಿಗೆಯಿಂದ ತುಂಬುವ ಕೆಲಸ ಇಂಥ ಟ್ರಸ್ಟ್‌ಗಳದ್ದು. ತೆರಿಗೆಯೂ ಉಲ್ಟಾ: ಹೊಸ ಮನೆ ಕಟ್ಟಿದರೆ ವ್ಯಾಟ್ ಸೊನ್ನೆ, ಹಳೆಯದನ್ನು ರಿಪೇರಿ ಮಾಡಿದರೆ ಸಾಮಾನ್ಯವಾಗಿ 20%. ಉಳಿಸುವವನಿಗೇ ಬರೆ! ನನ್ನ ಮಟ್ಟಿಗೆ, ಎಲ್ಲ ಸೆಕ್ಷನ್‌ಗಳಿಗಿಂತ ಜಾಸ್ತಿ ಹಾನಿ ಮಾಡುವುದು ಈ ಲೆಕ್ಕ.

ಕಾನೂನೇ ಇಲ್ಲದಿದ್ದರೆ ಏನಾಗುತ್ತಿತ್ತು ಅಂತ ಕೇಳಿದರೆ ಅದೇ ಕೌಂಟಿಯ ಸಟನ್ ಸ್ಕಾರ್ಸ್‌ಡೇಲ್ ಹಾಲ್‌ನ ಉದಾಹರಣೆ ಹೇಳಿ. 1720ರ ದಶಕದ ಬಂಗಲೆ. 1919ರಲ್ಲಿ ಮಾರಾಟವಾಯಿತು, ಕೊಂಡವರು ಒಳಗಿನ ಮರಗೆಲಸ ಸಮೇತ ಬಿಚ್ಚಿ ಮಾರಿದರು. ಅದರ ಕೋಣೆಗಳು ಈಗ ಅಮೆರಿಕದ ಫಿಲಡೆಲ್ಫಿಯಾ ಮ್ಯೂಸಿಯಂನಲ್ಲಿವೆ. ಡರ್ಬಿಶೈರ್‌ನಲ್ಲಿ ಉಳಿದದ್ದು ಸೂರಿಲ್ಲದ ಗೋಡೆಗಳು.

ಇನ್ನು ಬಿಲ್ಡರ್‌ಗಳ ಒತ್ತಡ. ಬೇಕಂತಲೇ ಹಾಳುಗೆಡವಿದ ಪುರಾವೆ ಇದ್ದರೆ, ಅನುಮತಿ ತೀರ್ಮಾನಿಸುವಾಗ ಕಟ್ಟಡದ ಆ ದುಸ್ಥಿತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಅಂತ ರಾಷ್ಟ್ರೀಯ ಯೋಜನಾ ನೀತಿ ಹೇಳುತ್ತದೆ. "ನೋಡಿ ಸ್ವಾಮಿ, ಬಿದ್ದೇ ಹೋಗಿದೆ" ಅನ್ನುವ ವಾದ ನಡೆಯುವುದಿಲ್ಲ.

ಕೊನೆಗೆ ಒಂದು ಎಚ್ಚರಿಕೆ. ಪಕ್ಕದ ಸ್ಟಾಫರ್ಡ್‌ಶೈರ್‌ನ ಕ್ರೂಕೆಡ್ ಹೌಸ್, ಗಣಿಯಿಂದ ನೆಲ ಕುಸಿದು ಸೊಟ್ಟಗಾಗಿದ್ದ ಹಳೆಯ ಪಬ್, ಎಲ್ಲರೂ ಉದಾಹರಣೆಗೆ ತರುತ್ತಾರೆ. 2023ರ ಆಗಸ್ಟ್ 5ರಂದು ಬೆಂಕಿ ಬಿತ್ತು, 7ಕ್ಕೆ ಪೂರ್ತಿ ನೆಲಸಮ. 2024ರ ಫೆಬ್ರವರಿಯಲ್ಲಿ ಕೌನ್ಸಿಲ್, ಬೆಂಕಿಗೆ ಮೊದಲು ಹೇಗಿತ್ತೋ ಹಾಗೆ 3 ವರ್ಷದಲ್ಲಿ ಮತ್ತೆ ಕಟ್ಟಿಕೊಡಿ ಅಂತ ಆದೇಶ ಹೊರಡಿಸಿತು. ಆದರೆ ಆ ಕಟ್ಟಡ ಲಿಸ್ಟೆಡ್ ಆಗಿರಲಿಲ್ಲ! ಆದೇಶ ಬಂದದ್ದು ಸಾಮಾನ್ಯ ಯೋಜನಾ ಕಾನೂನಿನಿಂದ. 2017ರಿಂದ ಪಬ್ ಕೆಡವಲೂ ಅನುಮತಿ ಬೇಕು. ಪರೀಕ್ಷೆಯ ಉತ್ತರದಲ್ಲಿ ಇದಕ್ಕೆ ಸೆಕ್ಷನ್ 48 ಅಂತ ಬರೆದರೆ ಮಾರ್ಕ್ಸ್ ಹೋಯ್ತು.